ಅಯ್ಯನವರ ಮೂಗು ಮತ್ತು ಕುರಿಯ ಹೊಟ್ಟೆ

ತರೀಕೆರೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನಯ್ಯನವರ ಮೂಗಿಗೆ ಆ ಸೀಮೆಯ ಬೇಕರಿಗಳೆಲ್ಲ ನಡುಗುತ್ತಿದ್ದವು. ಅಜ್ಜಂಪುರದಲ್ಲಿ ಯಾರಾದರೂ ಮೊಟ್ಟೆ ಒಡೆದರೆ ಇವರು ಇಲ್ಲಿ ಸೀನುತ್ತಾರೆಂದು ಪ್ರತೀತಿ. ಒಮ್ಮೆ ಬೀರೂರಿನಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನ ಒಣಮೀನಿನ ಬುಟ್ಟಿಯನ್ನು ಟಾಪಿಗೆ ಹತ್ತಿಸಿದ ಮೇಲೆಯೇ ಕಂಡಕ್ಟರನಿಂದ ರೈಟ್ ಹೇಳಿಸಿದ ಮಹಾನುಭಾವರು.

ಈ ಮೂಗು ೧೯೮೪ರಲ್ಲಿ ಮಗಳು ಪಂಕಜಾಕ್ಷಿಯ ಮದುವೆಗೂ ಅಡ್ಡ ಬಂತು. ಅಜ್ಜಂಪುರದ ಶಕುಂತಲಮ್ಮನವರ ಮಗ ಒಳ್ಳೆಯ ಹುಡುಗ, ಪಂಕಜಾಕ್ಷಿಗೂ ಮೆಚ್ಚುಗೆ. ಆದರೆ ಹಾಸ್ಟೆಲಿನಲ್ಲಿದ್ದಾಗ ಆಮ್ಲೆಟ್ ತಿಂದಿದ್ದೆನೆಂದು ಬಾಯಿಬಿಟ್ಟಿದ್ದ. ಅಯ್ಯನವರು ಮೂರು ತಿಂಗಳಾದರೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಅಷ್ಟರಲ್ಲಿ, ಬೆಂಗಳೂರಿನಲ್ಲಿ ಸರ್ಜನ್ ಆಗಿದ್ದ ಸಹಪಾಠಿ ಈರಭದ್ರಪ್ಪ ಒಂದು ಕೆಲಸ ಒಪ್ಪಿಸಿದರು. ವಿಪರೀತ ದಪ್ಪಗಿರುವವರ ಹೊಟ್ಟೆಯನ್ನು ಹೊಲಿದು ಕಿರಿದು ಮಾಡುವ ಆಪರೇಷನ್ ಆಗ ಹೊಸದು. ಹೊಲಿಯುವಾಗ ಅನ್ನ ಇಳಿಯುವ ದಾರಿ ತೀರ ಬಿಗಿಯಾಗದಂತೆ ಅಳತೆಗೆಂದು ಒಳಗೆ ಬೆರಳುಗಾತ್ರದ ರಬ್ಬರ್ ಕೊಳವೆ ಇಡಬೇಕು. ಅದರ ತುದಿಗೆ ನುಣುಪಾದ ನೈಲಾನ್ ಗುಂಡು ಬೇಕಿತ್ತು. ಅಯ್ಯನವರು ಕನ್ನಡಿಯಂತೆ ಕಡೆದು ಕೂರಿಸಿದರು. ಡಾಕ್ಟರ ಕಾಗದ ಬಂತು: ಕುರಿಯ ಹೊಟ್ಟೆಯೊಳಗೆ ಆಡಿಸಿ ನೋಡು, ಎಲ್ಲೂ ಗೀರಬಾರದು.

ತರೀಕೆರೆಯಲ್ಲಿ ಕೊಂಡರೆ ಮಾನ ಉಳಿದೀತೆ? ಬೇರಿಂಗ್ ತರುವ ನೆಪದಲ್ಲಿ ಕಡೂರಿಗೆ ಹೋದರು. ಎಷ್ಟು ಜನಕ್ಕೆ ಅಡುಗೆ ಎಂದು ಮಾಂಸದಂಗಡಿಯವನು ಕೇಳಿದ್ದಕ್ಕೆ, ತಲೆಯೆತ್ತದೆ ಒಬ್ಬನಿಗೆ ಎಂದರಂತೆ. ಮೂರು ಪ್ಲಾಸ್ಟಿಕ್ ಚೀಲ ಸುತ್ತಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಈ ಬಸ್ಸಿನಲ್ಲಿ ತಮ್ಮಂಥ ಮೂಗು ಇನ್ನೊಂದು ಇರದಿರಲಿ ಎಂದು ದಾರಿಯುದ್ದಕ್ಕೂ ಶಿವನನ್ನು ಬೇಡಿದರು.

ಅಂಗಡಿಯ ಷಟರ್ ಅರ್ಧ ಇಳಿಸಿ ಪರೀಕ್ಷೆಗೆ ಕೂತರು. ಕೊಳವೆ ಒಳಹೋಯಿತು, ತಿರುಗಿತು, ಎಲ್ಲೂ ಗೀರದೆ ಹೊರಬಂತು. ಆ ಗೆಲುವಿನ ಗಳಿಗೆಯಲ್ಲೇ ಷಟರ್ ಮೇಲೆದ್ದಿತು. ಮದುವೆಯ ವಿಷಯ ಇತ್ಯರ್ಥ ಮಾಡಿಕೊಂಡೇ ಹೋಗೋಣವೆಂದು ಬಂದ ಶಕುಂತಲಮ್ಮ ಬಾಗಿಲಲ್ಲಿ ನಿಂತಿದ್ದರು. ಅಯ್ಯನವರ ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಮೊಣಕೈವರೆಗೆ ಕುರಿ.

ಅಯ್ಯನವರ ಮುಖ ಹಿಡಿಯಷ್ಟಾಯಿತು. ಮೇಜಿನ ಮೇಲಿದ್ದ ಡಾಕ್ಟರ ಕಾಗದವನ್ನು ಗದ್ದದಿಂದ ತೋರಿಸಿದರು. ಶಕುಂತಲಮ್ಮ ಅದನ್ನು ನಿಧಾನವಾಗಿ ಓದಿದರು. ಬೀದಿಯ ಆಚೀಚೆ ನೋಡಿ ತಾವೇ ಷಟರ್ ಇಳಿಸಿದರು.

"ನೀವು ಕೆಲ್ಸಕ್ಕೆ ಅಂತ ಮುಟ್ಟಿದೀರಿ, ಬಿಡಿ. ನಮ್ ಹುಡ್ಗ ಹಸಿವಿಗೆ ಅಂತ ತಿಂದ. ಈಗ ಅವನ ಆಮ್ಲೆಟ್ಟಿಗೆ ಏನಂತೀರಾ ಅಯ್ನೋರೇ?"

ಅಯ್ಯನವರು ಕೈ ಎಲ್ಲಿಡಬೇಕೆಂದು ತಿಳಿಯದೆ ನೆಲ ನೋಡಿದರು.

"ದಿನ ಗೊತ್ತು ಮಾಡ್ಸಿ ಕಣ್ರಮ್ಮ."