ಕಮಲತ್ತೆ ನೋಡಿದ ಕೌಬಾಯ್ ಪಿಕ್ಚರ್

ಕಮಲತ್ತೆಯನ್ನ ಕೌಬಾಯ್ ಪಿಕ್ಚರಿಗೆ ಕರ್ಕೊಂಡು ಹೋದೆ ಅಂತ ನಮ್ಮಪ್ಪ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು.

ಕಮಲತ್ತೆ ಅಪ್ಪನ ತಂಗಿ. ನಲವತ್ತು ವಯಸ್ಸು. ಇಪ್ಪತ್ತೆರಡಕ್ಕೇ ಗಂಡನನ್ನ ಕಳಕೊಂಡು, ಟೀಚರ್ ಟ್ರೈನಿಂಗ್ ಮುಗಿಸಿ, ಜಯನಗರದ ನಮ್ಮ ಮನೆಯಲ್ಲೇ ಇದ್ದಾಳೆ. (‘ಇದ್ದಳು’ ಅನ್ನಬೇಕು. ಇನ್ನೂ ಅಭ್ಯಾಸ ಆಗಿಲ್ಲ.) ಅವಳ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಹೆಂಡತಿ ತೀರಿಕೊಂಡವರು, ಮದುವೆಯಾಗ್ತೀರಾ ಅಂತ ಕೇಳಿ ಎರಡು ವರ್ಷ ಆಗಿತ್ತು. ಅತ್ತೆ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಮನೆಯಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬನಿಗೇ. (ಅರವತ್ತೆಂಟನೇ ಇಸವಿ ಬಂದರೂ ಇಂಥದ್ದನ್ನ ಪಿಸುಗುಟ್ಟೇ ಹೇಳಬೇಕು.)

ಎರಡು ತಿಂಗಳ ಹಿಂದೆ ಒಂದು ಭಾನುವಾರ, ಕಂಟೋನ್ಮೆಂಟ್ ಕಡೆ ಮ್ಯಾಟಿನಿಗೆ ಎರಡು ಟಿಕೆಟ್ ತಂದಿದ್ದೆ. ಫ್ರೆಂಡಿಗೆ ಜ್ವರ ಬಂತು. "ನಾನು ಬರ್ಲೇನೋ?" ಅಂದಳು ಅತ್ತೆ.

ಹೆಚ್ಚು ಜನ ಹೆಸರು ಕೇಳದ ಪಿಕ್ಚರ್. ಇಟಲಿಯವರು ತೆಗೆದದ್ದು. ತುಟಿ ಒಂದು ಕಡೆ, ಇಂಗ್ಲಿಷ್ ಮಾತು ಇನ್ನೊಂದು ಕಡೆ. ಹಾಲ್ ಅರ್ಧ ಖಾಲಿ. ಪಿಸ್ತೂಲು ಹಿಡಿದು ಊರೂರು ಅಲೆಯೋನೊಬ್ಬ ಹೋಟೆಲ್ ನಡೆಸೋ ವಿಧವೆಯನ್ನ ಪ್ರೀತಿಸ್ತಾನೆ. ನನ್ನ ಜೊತೆ ಬಂದುಬಿಡು ಅಂತಾನೆ. ಊರಿನವರಿಗೆ ಹೆದರಿ ಅವಳು ಸುಮ್ಮನಿರ್ತಾಳೆ. ಅಷ್ಟರಲ್ಲಿ ಅವನ ಹಳೇ ಶತ್ರುಗಳು ಬರ್ತಾರೆ. ಢಂ ಢಂ. ಅವಳು "ಬರ್ತೀನಿ" ಅನ್ನೋ ಹೊತ್ತಿಗೆ ಅವನು ಧೂಳಲ್ಲಿ ಬಿದ್ದಿರ್ತಾನೆ.

ಅತ್ತೆ ಅಳ್ತಾಳೆ ಅಂದ್ಕೊಂಡೆ. ಅಳಲಿಲ್ಲ. ಬಸ್ಸು ಲಾಲ್‌ಬಾಗ್ ದಾಟಿತು. ಆಮೇಲೆ ಕೇಳಿದಳು: "ಮೊದಲೇ ಹೂಂ ಅಂದಿದ್ರೆ ಇಬ್ಬರೂ ಊರು ಬಿಟ್ಟು ಹೋಗಬಹುದಿತ್ತು, ಅಲ್ವೇನೋ?"

"ಆಗ ಪಿಕ್ಚರ್ ಹತ್ತೇ ನಿಮಿಷಕ್ಕೆ ಮುಗೀತಿತ್ತು, ಅತ್ತೆ."

"ಮುಗೀಲಿ ಬಿಡು."

ಮನೆಗೆ ಬಂದವಳು ಸೀರೆ ಕೂಡ ಬದಲಾಯಿಸಲಿಲ್ಲ. ವರಾಂಡದಲ್ಲಿ ಕಾಫಿ ಕುಡೀತಿದ್ದ ಅಪ್ಪನ ಎದುರು ಹೋಗಿ ನಿಂತಳು.

"ಅಣ್ಣ, ನಾನು ಮದುವೆ ಆಗ್ತಿದೀನಿ. ನಮ್ಮ ಡ್ರಾಯಿಂಗ್ ಮೇಷ್ಟ್ರನ್ನ."

ಅಪ್ಪ ಲೋಟ ಕೆಳಗಿಟ್ಟರು. "ಜನ ಏನಂತಾರೆ, ಕಮಲ?"

"ಜನ ಏನೂ ಅನ್ನದ ಹಾಗೇ ಹದಿನೆಂಟು ವರ್ಷ ಬದುಕಿದೀನಲ್ಲ ಅಣ್ಣ. ಸಾಕು."

"ನಾನು ಒಪ್ಪದಿದ್ರೆ?"

"ನೀನು ಬಂದ್ರೆ ಸಂತೋಷ. ಬರದಿದ್ರೂ ಆಗ್ತೀನಿ." ನಿಂತ ಜಾಗದಿಂದ ಕದಲಲಿಲ್ಲ.

ಹೋದ ಗುರುವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಬರಲ್ಲ ಅಂದಿದ್ದ ಅಪ್ಪ ಹನ್ನೊಂದು ಗಂಟೆಗೆ ಬಂದರು. ಯಾರ ಮುಖವನ್ನೂ ನೋಡದೆ ಸಾಕ್ಷಿ ಸಹಿ ಹಾಕಿದರು. ಹೊರಗೆ ಬಂದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ಅವಳಿಗೆ ಇದು ಬೇಕಿತ್ತು ಅಂತ ನಂಗೆ ಒಂದು ದಿನವೂ ಹೊಳೀಲಿಲ್ಲವಲ್ಲೋ."

ನಾವು ಕೇಳಿದ್ದರೆ ತಾನೆ ಹೊಳೆಯೋದು? ನಿಮ್ಮ ಮನೆಯಲ್ಲೂ ಹೀಗೆ ವರ್ಷಗಟ್ಟಲೆ ಸುಮ್ಮನಿರೋರು ಒಬ್ಬರು ಇರಬಹುದು. ನಿಂಗೇನು ಬೇಕು ಅಂತ ಅವರನ್ನ ಕೊನೇ ಸಲ ಕೇಳಿದ್ದು ಯಾವಾಗ?