ಮಿಂಚುಮಾರ ಬಂದು ಹೋದ ಪುಟ

"ಮೋಸ ಅಮ್ಮಾ, ಇದು ಪಕ್ಕಾ ಮೋಸ!" ಎಂದು ಮಗಳು ಹೊಸ ಕಾಮಿಕ್ಸ್ ಪುಸ್ತಕವನ್ನು ಸೋಫಾದ ಮೇಲೆ ಎಸೆದಳು. ಯಲ್ಲಾಪುರದ ನಮ್ಮ ಮನೆಗೆ ಅದು ಕೊರಿಯರಿನಲ್ಲಿ ಆಗಷ್ಟೇ ಬಂದಿತ್ತು. ಮುಖಪುಟದ ತುಂಬ ಅವಳ ಮೆಚ್ಚಿನ ಸೂಪರ್ ಹೀರೊ. ಒಳಗೆ ಒಂದೇ ಪುಟದಲ್ಲಿ ಬಂದು ಹೋಗುತ್ತಾನಂತೆ. ಎತ್ತಿಕೊಂಡೆ. ಹೊಸ ಮಸಿಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮತ್ತೆ ಚಿಕ್ಕವಳಾಗಿ ಶಿರಸಿಯ ಬಾಡಿಗೆ ಮನೆಯ ಮೆಟ್ಟಿಲ ಮೇಲಿದ್ದೆ.

ನನ್ನ ಕಾಲದ ಹೀರೊ ಮಿಂಚುಮಾರ. ನೀವು ಕೇಳಿರಲಿಕ್ಕಿಲ್ಲ; ಅವನ ಕೀರ್ತಿ ನಮ್ಮ ಶಾಲೆಯ ಕಾಂಪೌಂಡು ದಾಟಿತ್ತೋ ಇಲ್ಲವೋ. ಟವೆಲ್ಲು ಹೆಗಲಿಗೆ ಕಟ್ಟಿಕೊಂಡು ಕಟ್ಟೆಯಿಂದ ಹಾರಿ ನಾನು ಮೊಣಕಾಲು ಒಡೆದುಕೊಂಡದ್ದು ಅವನ ದೆಸೆಯಿಂದಲೇ. ಒಂದು ಭಾನುವಾರ ಕೈಗೆ ಬಂದ ಅವನ ಹೊಸ ಪುಸ್ತಕದಲ್ಲಿ ಕತೆ ಒಬ್ಬ ದಾದಿಯದು. ಸೇತುವೆಯಿಂದ ಜೋತುಬಿದ್ದ ಬಸ್ಸಿನೊಳಗಿನ ಜನರನ್ನು ಅವಳು ಹಗ್ಗ ಹಿಡಿದು ಹೊರಗೆಳೆಯುತ್ತಾಳೆ. ಕೊನೆಗೆ ಮಿಂಚುಮಾರ ಬಂದು, ಬಸ್ಸನ್ನು ಎತ್ತಿ ರಸ್ತೆಯ ಮೇಲಿಟ್ಟು, "ಇನ್ನು ಭಯವಿಲ್ಲ" ಎಂದು ಹಾರಿಹೋಗುತ್ತಾನೆ. ಅಷ್ಟೇ!

ಆ ಭಾನುವಾರ ಮನೆಯಲ್ಲಿ ಮುಖ ಊದಿಸಿಕೊಂಡವಳು ನಾನೊಬ್ಬಳೇ ಅಲ್ಲ. ನಮ್ಮ ದೊಡ್ಡಪ್ಪನಿಗೆ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ, ಪ್ರಾಣ ಮಾತ್ರ ತಾಳಮದ್ದಳೆಯಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಕೂತಲ್ಲೇ ಪಾತ್ರವಾಗಿ ಮಾತಾಡಬೇಕು; ಯಾರೂ ಬರೆದುಕೊಟ್ಟ ಮಾತಲ್ಲ. ಅದನ್ನೇ ಅರ್ಥ ಹೇಳುವುದು ಎನ್ನುತ್ತಾರೆ. ದೊಡ್ಡಪ್ಪನಿಗೆ ಸದಾ ದೂತನ ಪಾತ್ರ. ಅಂದು ಸಿದ್ದಾಪುರದಲ್ಲಿ ಮೊದಲ ಬಾರಿಗೆ ರಾಜನಾಗಬೇಕಿತ್ತು. ಬೆಳಿಗ್ಗೆ ಸುದ್ದಿ ಬಂತು: ಹೆಸರಾಂತ ಅರ್ಥಧಾರಿಯೊಬ್ಬರು ಬರುತ್ತಿದ್ದಾರೆ, ರಾಜನ ಪಾತ್ರ ಅವರದೇ, ನೀವು ಎಂದಿನಂತೆ ದೂತ.

"ಆನು ಹೋಗ್ತ್ನಿಲ್ಲೆ. ಇವತ್ತಷ್ಟೇ ಅಲ್ಲ, ಇನ್ನು ಯಾವತ್ತೂ ಇಲ್ಲೆ," ಎಂದು ಅಮ್ಮನಿಗೆ ಹೇಳಿ ಹೊರಗೆ ಬಂದವನಿಗೆ ನನ್ನ ಅಳು ಕೇಳಿಸಿತು.

"ಎಂತಾ ಆತೇ ಕೂಸೆ?"

"ಮಿಂಚುಮಾರಂಗೆ ಒಂದೇ ಪುಟ ಕೊಟ್ಟಿದ್ದ, ದೊಡ್ಡಪ್ಪ. ಒಂದೇ ಮಾತು!"

"ಒಂದೇ ಮಾತಾ? ಕೊಡು ಇಲ್ಲಿ."

ಸೀರೆಯ ಅಂಚು ನೋಡುವಷ್ಟೇ ಶ್ರದ್ಧೆಯಿಂದ ಆ ಪುಟ ನೋಡಿದ. ಭಾಗವತರ ಪದ್ಯ ಮುಗಿಯಿತು ಎಂಬಂತೆ ಮೊಣಕಾಲ ಮೇಲೆ ತಾಳ ತಟ್ಟಿ, ಗಂಟಲು ಸರಿಮಾಡಿಕೊಂಡ.

"ನಾನು ಮಿಂಚುಮಾರ. ಊರೂರಿನ ಜನ ನನ್ನ ಹೆಸರು ಕೂಗುತ್ತಾರೆ. ಆದರೆ ಈ ಕತೆ ನನ್ನದಲ್ಲ. ಹಗ್ಗ ಹಿಡಿದು ನಿಂತಿರುವ ಈ ತಾಯಿಯದು. ಅವಳ ಕೈ ಸೋಲುವ ಹೊತ್ತಿಗೆ ಇನ್ನೊಂದು ಕೈ ಬೇಕಿತ್ತು, ಅಷ್ಟಕ್ಕೆ ಬಂದೆ. ಇನ್ನೂ ನಿಂತರೆ ಜನ ಅವಳನ್ನು ಬಿಟ್ಟು ನನ್ನನ್ನು ನೋಡುತ್ತಾರೆ. ಅದಕ್ಕೇ ಹೊರಟೆ."

ಹೇಳಿ ಪುಸ್ತಕ ಮಡಚಿದ. ತನ್ನ ಮಾತು ತನಗೇ ಕೇಳಿಸಿತೇನೋ. ಒಳಗೆ ತಿರುಗಿ, "ಸಿದ್ದಾಪುರದ ಬಸ್ಸು ಹೋತನ?" ಎಂದ.

"ಇನ್ನೂ ಇದ್ದು ಭಾವ. ಶಾಲು ಇಲ್ಲಿದ್ದು," ಎಂದಳು ಅಮ್ಮ. ಅವಳು ಅದನ್ನು ಆಗಲೇ ಮಡಿಸಿಟ್ಟಿದ್ದಳು.

ಹಟ ಹಿಡಿದು ನಾನೂ ಹೋದೆ. ಸಭೆಯಲ್ಲಿ ದೂತ ನಾಲ್ಕು ಮಾತು ಹೇಳಿ ರಾಜನಿಗೊಂದು ಪ್ರಶ್ನೆ ಹಾಕಿದ. ರಾಜನ ಮಾತು ಅದನ್ನು ಹಿಡಿದೇ ಏರಿತು. ಚಪ್ಪಾಳೆಯೆಲ್ಲ ರಾಜನಿಗೆ. ಬಸ್ಸು ಎತ್ತಿಟ್ಟವರು ಯಾರೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ, ಅದರ ಜಂಬ ವಾರವಿಡೀ ಇತ್ತು.

ಕತೆ ಕೇಳಿದ ಮಗಳು, "ಹಂಗಾರೆ ಅಜ್ಜನ್ನೇ ಕೇಳ್ತೆ," ಎಂದು ದೊಡ್ಡಪ್ಪನಿಗೆ ವಿಡಿಯೊ ಕರೆ ಹಚ್ಚಿದಳು. ನನಗೆ ಅಳುಕು. ಅವನಿಗೆ ಈಗೀಗ ನೆನಪು ಕೈಕೊಡುತ್ತದೆ, ಕೆಲವೊಮ್ಮೆ ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಾನೆ. ಅರ್ಥ ಹೇಳುವುದು ನಿಂತೇ ಹೋಗಿದೆ. ಅವಳು ತಡೆಯುವವಳಲ್ಲ, ಪುಟವನ್ನು ಕ್ಯಾಮೆರಾಕ್ಕೆ ಹಿಡಿದೇಬಿಟ್ಟಳು.

"ಅಜ್ಜಾ, ಇವಂಗೆ ಒಂದೇ ಪುಟ ಕೊಟ್ಟಿದ್ದ!"

ದೊಡ್ಡಪ್ಪ ಬಹಳ ಹೊತ್ತು ನೋಡಿದ. ಮೊಣಕಾಲ ಮೇಲೆ ತಾಳ ತಟ್ಟಿದ್ದು ಕೇಳಿಸಿತು.

"ಊರೂರಿನ ಜನ ನನ್ನ ಹೆಸರು ಕೂಗುತ್ತಾರೆ. ಆದರೆ ಈ ಕತೆ ನನ್ನದಲ್ಲ. ಈ ತಾಯಿಯದು. ಅವಳ... ಅವಳ..."

ಮಾತು ನಿಂತಿತು. ಅವನು ಗಾಬರಿಯಿಂದ ನಮ್ಮನ್ನೇ ನೋಡಿದ. ಮಗಳು ನನ್ನತ್ತ ನೋಡಿದಳು. ಜನ್ಮದಲ್ಲಿ ಅರ್ಥ ಹೇಳದ ನಾನು ಬಾಯಿ ತೆರೆದೆ.

"ಅವಳ ಕೈ ಸೋಲುವ ಹೊತ್ತಿಗೆ ಇನ್ನೊಂದು ಕೈ ಬೇಕಿತ್ತು."

"ಹೌದು," ಎಂದ ದೊಡ್ಡಪ್ಪ, ಮುಖ ಅರಳಿಸಿ. "ಅಷ್ಟಕ್ಕೆ ಬಂದೆ."