ಸೊನ್ನೆ ಸೊನ್ನೆಯ ದೊರೈಯಣ್ಣ

ದೊರೈಯಣ್ಣನ ರಿಮೋಟಿನಲ್ಲಿ ಒಂದು ಬಟನ್ ಮಾತ್ರ ಹೊಸದಾಗಿತ್ತು. ಉಳಿದವೆಲ್ಲ ಬೆರಳು ತಿಕ್ಕಿ ತಿಕ್ಕಿ ಗುರುತು ಅಳಿಸಿಹೋಗಿದ್ದವು. ಬಲಗೈ ತೋರುಬೆರಳಿನ ಕೆಳಗಿನ ಆ ಒಂದು ಬಟನ್ ಈಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಅದು ಓಟದ ಬಟನ್. ಟಿ.ವಿ.ಯಲ್ಲಿ ಆಡುವ ಫುಟ್‌ಬಾಲ್ ಗೇಮಿನಲ್ಲಿ ಅದನ್ನು ಒತ್ತಿ ಹಿಡಿದರೆ ನಮ್ಮ ಆಟಗಾರ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತಾನೆ. ಆಂಡರ್ಸನ್‌ಪೇಟೆಯ ಕಾಲೇಜು ಹುಡುಗರೆಲ್ಲ ಅದನ್ನು ಬಿಡದೆ ಒತ್ತಿಕೊಂಡೇ ಆಡುತ್ತಿದ್ದರು. ದೊರೈಯಣ್ಣ ಒಂದು ಸಲವೂ ಮುಟ್ಟಿದವರಲ್ಲ. ಅವರ ಕಡೆಯ ಹನ್ನೊಂದು ಜನವೂ ಸಂತೆಗೆ ಹೊರಟವರಂತೆ ನಡೆದುಕೊಂಡೇ ಆಡುತ್ತಿದ್ದರು. ಆದರೂ ಅವರ ಮೇಲೆ ಗೋಲು ಹೊಡೆಯಲು ಹುಡುಗರ ಕೈಯಲ್ಲಿ ಆಗುತ್ತಿರಲಿಲ್ಲ.

"ಗಣಿ ಒಳಗೆ ಯಾರೂ ಓಡಲ್ಲ ತಂಗಚ್ಚಿ," ಎನ್ನುತ್ತಿದ್ದರು ನನಗೆ; ತಂಗಿ ಎಂಬುದಕ್ಕೆ ಅವರ ತಮಿಳು. "ಓಡ್ದೋನು ಬೀಳ್ತಾನೆ. ಅವನ್ನ ಎತ್ತಕ್ಕೆ ಇನ್ನಿಬ್ರು ಓಡ್ತಾರೆ. ಆಮೇಲೆ ಮೂರು ಜನ ಬಿದ್ದಿರ್ತಾರೆ."

ಅವರು ಚಿನ್ನದ ಗಣಿಯಲ್ಲಿ ಮರದ ಕೆಲಸದವರು. ಅಂದರೆ ಬಡಗಿಯಲ್ಲ. ಭೂಮಿಯ ಕೆಳಗೆ, ತಲೆಯ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬಗಳನ್ನು ಕೊಟ್ಟು ನಿಲ್ಲಿಸುವವರು. ಗಣಿ ಮುಚ್ಚಿದ ಮೇಲೆ ಉರಿಗಾಂನಲ್ಲಿ ಗಣಿಯವರು ಕೊಟ್ಟಿದ್ದ ಲೈನ್ ಮನೆ ಬಿಟ್ಟು ಆಂಡರ್ಸನ್‌ಪೇಟೆಗೆ ಬಂದು, ಏನೇನೋ ಕಸುಬು ಮಾಡಿ, ವಯಸ್ಸಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಎರಡು ಟಿ.ವಿ. ಇಟ್ಟು ಗೇಮ್ ಅಂಗಡಿ ತೆರೆದಿದ್ದರು. ಪ್ರಾಯದಲ್ಲಿ ಮೈದಾನದಲ್ಲೂ ಹಿಂದೆ ನಿಂತು ಗೋಲು ಕಾಯುವ ಆಟಗಾರರೇ ಅಂತೆ. ಎಪ್ಪತ್ತರ ಹತ್ತಿರ ಬಂದಿದ್ದರೂ ಕಣ್ಣು ಚುರುಕು. ಮೊಣಕಾಲು ಮಾತ್ರ ಕೈಕೊಟ್ಟಿತ್ತು. ಆ ಮೊಣಕಾಲಿನಿಂದಲೇ ನನಗೆ ಅವರ ಪರಿಚಯವಾದದ್ದು.

ನಾನು ಬಟ್ಟೆ ಹೊಲಿಯುವವಳು. ಕಾಮಸಮುದ್ರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ರವಿಕೆ ಹೊಲಿಯುತ್ತೇನೆ. ನಾನು ಕತ್ತರಿ ಹಾಕಿದ ತೋಳು ಎಲ್ಲಿಯೂ ಹಿಡಿಯುವುದಿಲ್ಲ ಎಂದು ಊರಲ್ಲಿ ಹೆಸರಿದೆ, ನಾನೇ ಹೇಳಿಕೊಳ್ಳಬಾರದು. ಒಂದು ಬೆಳಿಗ್ಗೆ ಹಸುಗಳಿಗೆ ಮೇವು ಕತ್ತರಿಸುವ ಯಂತ್ರಕ್ಕೆ ನನ್ನ ಬಲಗೈ ಹೆಬ್ಬೆರಳು ಸಿಕ್ಕಿತು. ಬೆರಳು ಉಳಿಯಿತು, ನರ ತುಂಡಾಗಿತ್ತು. ಡಾಕ್ಟರು ಜೋಡಿಸಿ ಹೊಲಿದರು. ಪಟ್ಟಿ ಬಿಚ್ಚಿದಾಗ ನೋಡಿದರೆ ಹೆಬ್ಬೆರಳು ಹಲಗೆಯ ಚೂರಿನಂತೆ ನೆಟ್ಟಗೆ ನಿಂತಿದೆ, ಬಗ್ಗುವುದಿಲ್ಲ. ಹೆಬ್ಬೆರಳು ಬಗ್ಗದಿದ್ದರೆ ಕತ್ತರಿ ಇಲ್ಲ. ಕತ್ತರಿ ಇಲ್ಲದಿದ್ದರೆ ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ.

ಕೆಜಿಎಫ್‌ನ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಗೆ ಹಾಕಿದರು. ಅಲ್ಲಿಯ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕು ಎಂದರು. ಹಿಸುಕಿದರೆ ಹೊಲಿಗೆ ಕಿತ್ತುಬಂದಂತೆ ಆಗುತ್ತಿತ್ತು. ಮೇಡಂ ಅತ್ತ ತಿರುಗಿದೊಡನೆ ನಾನು ಚೆಂಡನ್ನು ಸೀರೆಯ ಮಡಿಲಿಗೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮೊಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಕಾಲೆತ್ತುತ್ತಿದ್ದ ದೊರೈಯಣ್ಣ ನಾಲ್ಕು ದಿನ ನೋಡಿ, ಐದನೆಯ ದಿನ ಹೇಳಿದರು.

"ಆ ಚೆಂಡು ನಿಂಗೆ ಇಡಿಸ್ಲಿಲ್ಲ ಅನ್ಸುತ್ತೆ. ನಮ್ ಮನೇಲಿ ಬೇರೆ ಚೆಂಡು ಐತೆ, ಬಾ. ನಮ್ ಸರೋಜಾನೂ ಇರ್ತಾಳೆ."

ಹುಡುಗರು ಕಾಲೇಜಿಗೆ ಹೋಗಿ ಅಂಗಡಿ ಖಾಲಿಯಿರುವ ಹೊತ್ತು ಅದು. ಹೀಗೆ ನಾನು, ನಲವತ್ತೆರಡರ ಹೆಂಗಸು, ತಲೆಗೆ ಹೂವು ಮುಡಿದುಕೊಂಡು ಗೇಮ್ ಅಂಗಡಿಯಲ್ಲಿ ಕೂತೆ. ಅವರ ಹೆಂಡತಿ ಸರೋಜಕ್ಕ ಕಾಫಿ ಕೊಟ್ಟು, ನನ್ನ ರವಿಕೆಯ ಹೊಲಿಗೆಯನ್ನು ಮುಟ್ಟಿ ನೋಡಿ, ಒಳಗೆ ಹೋದರು. ನಮ್ಮ ಅತ್ತೆಗೆ ವಿಷಯ ತಿಳಿದಾಗ, "ಕೈ ನೋವು ಅಂತ ಓಗಿ ಟೀವಿ ನೋಡ್ಕೊಂಡು ಬತ್ತಾಳೆ," ಎಂದು ಬೀದಿಗೆಲ್ಲ ಸಾರಿದರು.

ಮೊದಲ ಪಾಠಕ್ಕೆ ಮುಂಚೆ ದೊರೈಯಣ್ಣ ನನ್ನ ಹೆಬ್ಬೆರಳಿನ ಗಾಯದ ಗುರುತನ್ನು ಬೆಳಕಿಗೆ ಹಿಡಿದು ನೋಡಿದರು. ನೋಡಿ ತಲೆ ಅಲ್ಲಾಡಿಸಿದರು.

"ಈ ಬೆರಳು ಬಟನ್ ಮುಟ್ಟಂಗಿಲ್ಲ. ಗಣೀಲಿ ಕೈಗೆ ಏಟು ಬಿದ್ದೋನು ಡಾಕ್ಟ್ರು ಚೀಟಿ ಬರ್ಕೊಡೋ ಗಂಟ ಸುತ್ತಿಗೆ ಮುಟ್ಟಂಗಿರಲಿಲ್ಲ. ಮುಟ್ಟಿದ್ರೆ ಮೇಸ್ತ್ರಿ ಮೇಲಕ್ಕೆ ಕಳಿಸ್ಬಿಡೋನು. ಈಗ ಎಡಗೈಲಿ ಆಡು. ಬಲಗೈ ನೋಡ್ಕೊಂಡು ಕಲೀಲಿ."

ನನಗೂ ಅದೇ ಬೇಕಿತ್ತು. ದೊಡ್ಡವರೊಬ್ಬರು ಬೇಡ ಎಂದರಲ್ಲ ಎಂದು ಖುಷಿಯಾಯಿತು.

ಈ ಆಟದಲ್ಲಿ ಕಾಯುವ ಕೆಲಸವೆಲ್ಲ ಎಡಗೈಯದು. ಎಡ ಹೆಬ್ಬೆರಳಿನ ಕೆಳಗಿನ ಕಡ್ಡಿ ತಿರುಗಿಸಿದ ಕಡೆಗೆ ಆಟಗಾರ ನಡೆಯುತ್ತಾನೆ. ಎಡ ತೋರುಬೆರಳಿನಿಂದ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯಬಹುದು. ಅದರ ಕೆಳಗಿನದನ್ನು ಒತ್ತಿಕೊಂಡರೆ ಅವನು ಎದುರಾಳಿಗೆ ಮುಖ ಕೊಟ್ಟು ಅಡ್ಡಡ್ಡ ಜರುಗುತ್ತಾನೆ. ಪಾಸು ಕೊಡುವುದು, ಗೋಲಿಗೆ ಒದೆಯುವುದು, ಹೊಡೆತದ ಆಟವೆಲ್ಲ ಬಲ ಹೆಬ್ಬೆರಳಿನದು. ಹಾಗಾಗಿ ದೊರೈಯಣ್ಣ ನನಗೆ ಕಾಯುವುದನ್ನಷ್ಟೇ ಕಲಿಸಿದರು. ಅದರಲ್ಲಿ ಅವರು ಪಂಡಿತರು.

"ಚೆಂಡಿನ ಇಂದೆ ಓಗ್ಬೇಡ. ಚೆಂಡು ಊರೆಲ್ಲ ಸುತ್ತಲಿ, ಕೊನೇಗ್ ಬರೋದು ಗೋಲಿಗೇ. ಆ ದಾರೀಲಿ ನಿಂತ್ಕೊ, ಸಾಕು."

"ನಡೂ ಮಧ್ಯ ನಿಂತವ್ರಲ್ಲ ಇಬ್ರು, ಅವ್ರು ನಿನ್ ಕಂಬ. ಕಂಬ ಕಿತ್ಕೊಂಡು ಅಟ್ಟಿಸ್ಕೊಂಡ್ ಓದ್ರೆ ಬಂಡೆ ತಲೆ ಮೇಲೆ. ಅಟ್ಟಿಸಕ್ಕೆ ಮುಂದಿನೋರ್ನ ಕಳ್ಸು, ಕಂಬ ಮಾತ್ರ ಅಲ್ಲಾಡಿಸ್ಬೇಡ."

"ಚೆಂಡಿಗೆ ಕಾಲ್ ಆಕಕ್ಕೆ ಆತುರ ಬೇಡ. ಅವನೇ ತಪ್ ಮಾಡ್ತಾನೆ. ಚಿಕ್ ಹುಡುಗ್ರು, ಅವ್ರಿಗೆ ಸುಮ್ನಿರಕ್ಕೆ ಬರಲ್ಲ."

ಮೊದಲ ದಿನ ಅವರು ನನಗೆ ಹನ್ನೊಂದು ಗೋಲು ಹೊಡೆದರು, ಅದೂ ನಡೆದುಕೊಂಡೇ. ವಾರ ಕಳೆಯುವಷ್ಟರಲ್ಲಿ ನಾಲ್ಕಕ್ಕೆ ಇಳಿಸಿದೆ. ಚೆಂಡು ನನಗೆ ಸಿಕ್ಕಿದರೂ ಪಾಸು ಕೊಡುವಂತಿಲ್ಲವಾದ್ದರಿಂದ, ಯಾರಾದರೂ ಬಂದು ಕಿತ್ತುಕೊಳ್ಳುವವರೆಗೆ ನನ್ನ ಆಟಗಾರ ಅದನ್ನು ಕಂಕುಳ ಮಗುವಿನಂತೆ ಹೊತ್ತು ತಿರುಗುತ್ತಿದ್ದ. ಹನ್ನೆರಡನೆಯ ದಿನ ಆಟ ಸೊನ್ನೆ ಸೊನ್ನೆಗೆ ಮುಗಿಯಿತು. ದೊರೈಯಣ್ಣ ಸರೋಜಕ್ಕನನ್ನು ಕರೆದು ಟಿ.ವಿ. ತೋರಿಸಿದರು, ಬೀದಿಯ ಮೂಲೆಯಿಂದ ಮಸಾಲೆ ವಡೆ ತರಿಸಿದರು. ಗೆದ್ದವರಿಗೂ ಅವರು ಅಷ್ಟು ಮರ್ಯಾದೆ ಮಾಡಿದ್ದನ್ನು ನಾನು ಕಂಡಿಲ್ಲ. "ಸೊನ್ನೆ ಸೊನ್ನೆ ಅಂದ್ರೆ ಎಲ್ರೂ ಮನೆಗ್ ಬಂದ್ರು ಅಂತ ಅರ್ಥ," ಎಂದರು.

ಎರಡು ದಿನದ ಮೇಲೆ ಫಿಜಿಯೋ ಮೇಡಂ ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಇಟ್ಟು ನೋಡಿದರು. ಮತ್ತೆ ಇಟ್ಟರು. ಅವರ ಮುಖ ಬದಲಾಯಿತು.

"ಇಷ್ಟು ದಿನ ಏನ್ ಮಾಡಿದ್ರಿ? ಬಂದಾಗ ಎಷ್ಟಿತ್ತೋ ಅಷ್ಟೇ ಇದೆ. ನರ ಒಳಗೇ ಅಂಟ್ಕೊಳ್ತಿದೆ. ಇನ್ನೊಂದು ತಿಂಗಳಲ್ಲಿ ಬಗ್ಗದಿದ್ರೆ ಮತ್ತೆ ಆಪರೇಷನ್ನೇ. ಆಮೇಲೂ ಬಗ್ಗುತ್ತೆ ಅಂತ ನಾನು ಹೇಳೋಕಾಗಲ್ಲ."

ನಾನು ಏನು ಸುಳ್ಳು ಹೇಳಲಿ ಎಂದು ಹುಡುಕುತ್ತಿದ್ದಾಗ ಪಕ್ಕದ ಬೆಂಚಿನಿಂದ ದೊರೈಯಣ್ಣ ಮರಳಿನ ಚೀಲವನ್ನೂ ಬಿಚ್ಚದೆ ಎದ್ದು ನಿಂತರು.

"ತಪ್ಪು ನಂದು ಮೇಡಂ. ಆ ಬೆರಳು ಮುಟ್ಬೇಡ ಅಂದೋನು ನಾನು."

ಮೇಡಂ ವಯಸ್ಸಿನಲ್ಲಿ ಅವರ ಮೊಮ್ಮಗಳಷ್ಟು. ಚೆನ್ನಾಗಿ ಬೈದರು. ಗಣಿಯ ಕಾನೂನು ಗಣಿಯಲ್ಲಿರಲಿ, ಇಲ್ಲಿ ನೋವಾದರೂ ಆಡಿಸಬೇಕು, ಆಡಿಸಿದರೇ ಗುಣ ಎಂದರು. ದೊರೈಯಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರು. ಚೆಂಡನ್ನು ಮಡಿಲಲ್ಲಿ ಬಚ್ಚಿಡುತ್ತಿದ್ದವಳು ನಾನು. ನನ್ನ ಪಾಲಿನ ಬೈಗುಳವನ್ನೂ ಅವರೇ ತಿಂದರು. ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಇದೆ. ಅವತ್ತು ಅವರ ಮನೆಗೆ ಹೋಗದೆ ನೇರ ಬಸ್ಸು ಹತ್ತಿದೆ.

ಮಾರನೆಯ ದಿನ ಹೋದಾಗ ಟಿ.ವಿ.ಯ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರ್ ಹಿಂದುಮುಂದಾಗಿ ನೇತಾಡುತ್ತಿತ್ತು. ಅದರ ಬಿಳಿಯ ಬೆನ್ನಿನ ಮೇಲೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಏನೇನೋ ಬರೆದಿತ್ತು. ಹಿಂದಿನ ಸಂಜೆ ದೊರೈಯಣ್ಣ ಅದೇ ಕಾಲೇಜು ಹುಡುಗರ ಮುಂದೆ ಕೂತು, ಗೋಲು ಹೊಡೆಯುವುದು ಹೇಗೆಂದು ಕೇಳಿ ಬರೆದುಕೊಂಡಿದ್ದರು. ಜೀವಮಾನವೆಲ್ಲ ಕಾದವರು, ಗೊತ್ತಿದ್ದು ಕಾಯುವವರ ಮೇಲೆ ಗೋಲು ಹೊಡೆಯುವುದು ಅವರಿಗೂ ಹೊಸದು. ಹುಡುಗರು ನಕ್ಕರಂತೆ. "ನಗ್ಲಿ ಬಿಡು," ಎಂದರು ಸರೋಜಕ್ಕ. "ಇವ್ರು ಕೇಳಿದ್ದನ್ನೇ ನಾಕ್ ಸಲ ಕೇಳವ್ರೆ."

ಬರೆದುಕೊಂಡದ್ದನ್ನು ಅವರು ನನಗೆ ತಮ್ಮ ಭಾಷೆಯಲ್ಲೇ ಹೇಳಿದರು.

"ಗೋಲು ಕಂಡ ತಕ್ಷಣ ಒದೀಬಾರ್ದು. ಗಣೀಲಿ ಬಂಡೆ ಸಿಡಿಸೋ ಹಂಗೆ ಮೊದ್ಲು ತೂತು ಕೊರೀಬೇಕು, ಆಮೇಲೆ ಮದ್ದು. ಪಾಸು ಕೊಡು, ವಾಪಸ್ ಇಸ್ಕೊ, ಮತ್ತೆ ಕೊಡು. ಅವ್ರ ಕಂಬ ಜರುಗುತ್ತೆ. ಜರುಗಿದ ಜಾಗ್ದಲ್ಲಿ ನುಗ್ಗು. ಅಂಚಿಗೆ ಓದ್ರೆ ಮುಂದಕ್ ಒದೀಬೇಡ, ಇಂದೆ ಬರ್ತಿರೋನಿಗೆ ಕೊಡು. ಅವನ್ನ ಯಾರೂ ನೋಡ್ತಿರಲ್ಲ."

ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು: ಅರ್ಧ ಒತ್ತು. ಬಟನ್ನನ್ನು ಎಷ್ಟು ಹೊತ್ತು ಒತ್ತುತ್ತೇವೋ ಅಷ್ಟು ಜೋರಾಗಿ ಚೆಂಡು ಹೋಗುತ್ತದೆ. ಪೂರ್ತಿ ಒತ್ತಿದರೆ ಆಕಾಶಕ್ಕೆ, ಮುಟ್ಟಿ ಬಿಟ್ಟರೆ ಕಾಲಬುಡಕ್ಕೆ. ಎರಡರ ನಡುವೆ ಹೆಬ್ಬೆರಳು ಬಗ್ಗಿ, ನಿಂತು, ಏಳಬೇಕು. ಕತ್ತರಿಗೆ ಬೇಕಾದದ್ದೂ ಅದೇ.

"ನೋವಾಗುತ್ತೆ ಅಣ್ಣ," ಎಂದೆ.

"ಆಗುತ್ತೆ," ಎಂದರು. "ನಂಗೂ ಭಯ ಆಗ್ತೈತೆ. ಒತ್ತು."

ಒತ್ತಿದೆ. ಚೆಂಡು ಎರಡು ಹೆಜ್ಜೆ ಉರುಳಿತು. ನನ್ನ ಕಣ್ಣಲ್ಲಿ ನೀರು ಬಂತು. ಆವತ್ತು ಹತ್ತು ಸಲ, ಮರುದಿನ ಇಪ್ಪತ್ತು ಸಲ. ಮೇಡಂ ಹೇಳಿದಷ್ಟೇ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಎಣಿಸಲು ಸರೋಜಕ್ಕ ಬಟಾಣಿ ಕಾಳು ಇಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಮನೆಯಲ್ಲಿ ರಬ್ಬರ್ ಚೆಂಡನ್ನೂ ಹಿಸುಕತೊಡಗಿದೆ. ಬೈಗುಳ ತಿಂದ ಮುದುಕರ ಮುಖ ನೆನಪಾದರೆ ಚೆಂಡನ್ನು ಬಚ್ಚಿಡಲು ಕೈ ಬರುತ್ತಿರಲಿಲ್ಲ.

ನನ್ನ ಮೇಲೆ ಕರುಣೆಯಿಂದಾದರೂ ಒಂದು ಗೋಲು ಬಿಟ್ಟುಕೊಡುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಎಂದಿನಂತೆ ಕಂಬ ನೆಟ್ಟು ನಿಂತರು. "ಬಿಟ್ಕೊಟ್ಟ ಗೋಲಿಗೆ ಬೆರಳು ಬಗ್ಗಲ್ಲ," ಎಂದರು. ಮೂರು ವಾರ ನಾನು ಅವರ ಗೋಡೆಗೆ ತಲೆ ಚಚ್ಚಿಕೊಂಡೆ. ಕೋಪ ಬಂದು ಒಮ್ಮೆ ರಿಮೋಟನ್ನು ಚಾಪೆಯ ಮೇಲೆ ಎಸೆದೆ. ಅವರು ಎತ್ತಿ ಲುಂಗಿಯಲ್ಲಿ ಒರೆಸಿ ಮತ್ತೆ ಕೈಗೆ ಕೊಟ್ಟರು.

ಗೋಲು ಬಿದ್ದದ್ದು ಒಂದು ಗುರುವಾರ. ಅಂಚಿಗೆ ಹೋದೆ, ಅವರ ಒಂದು ಕಂಬ ನನ್ನ ಕಡೆ ಜರುಗಿತು. ಮುಂದಕ್ಕೆ ಒದೆಯದೆ ಹಿಂದಿನವನಿಗೆ ಕೊಟ್ಟೆ. ಅರ್ಧ ಒತ್ತಿದೆ. ಚೆಂಡು ನೆಲಕ್ಕೆ ಅಂಟಿಕೊಂಡು ಹೋಗಿ ಬಲೆಯ ಮೂಲೆಗೆ ಬಿತ್ತು. ಟಿ.ವಿ.ಯಲ್ಲಿ ಜನ ಕೂಗುತ್ತಿದ್ದರು, ನಾವು ಮೂವರೂ ಆ ಕಡೆ ನೋಡಲೇ ಇಲ್ಲ. ಹೆಬ್ಬೆರಳು ಗೆಣ್ಣಿನಲ್ಲಿ ಬಗ್ಗಿ ಬಟನ್ನಿನ ಮೇಲೆ ಹಾಗೇ ನಿಂತಿತ್ತು. ಇನ್ನೊಂದು ಸಲ ಬಗ್ಗಿಸು ಎಂದು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ನಾನೇ ಬಗ್ಗಿಸಿದೆ.

ಮುಂದಿನ ವಾರ ಮೇಡಂ ಅಳತೆಪಟ್ಟಿ ಇಟ್ಟು, "ಇನ್ನು ಆಪರೇಷನ್ ಬೇಕಾಗಲ್ಲ. ನಿಧಾನಕ್ಕೆ ಕತ್ತರಿ ಹಿಡೀರಿ," ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಎಷ್ಟೋ ತಿಂಗಳ ಹಸಿವೆಲ್ಲ ಒಟ್ಟಿಗೆ ಬಂದು, ಹೋಟೆಲಿನಲ್ಲಿ ಆರು ಇಡ್ಲಿ ತಿಂದೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಗಿತ್ತು. ಆಂಡರ್ಸನ್‌ಪೇಟೆಗೆ ಹೋಗಿ ಹೇಳಿದೆ. ಜೊತೆಗೆ, ಮೊದಲು ಚೆಂಡನ್ನು ಮಡಿಲಲ್ಲಿ ಬಚ್ಚಿಟ್ಟವಳು ನಾನೇ ಎಂಬುದನ್ನೂ ಹೇಳಿದೆ. ದೊರೈಯಣ್ಣ, "ನೋಡಿದ್ದೆ," ಎಂದರು. ಆಮೇಲೆ, "ಆಪರೇಷನ್ ನಿಜವಾಗ್ಲೂ ಬೇಡ ಅಂದ್ರಾ? ನಂಗೋಸ್ಕರ ಸುಳ್ಳು ಏಳ್ತಿಲ್ಲ ತಾನೇ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದು, ನಿಜ ಎಂದೆ.

ಅದಾದ ಎರಡು ತಿಂಗಳಿಗೆ ಅವರು ಅಂಗಡಿ ಮುಚ್ಚಿ ಕಾಟ್ಪಾಡಿಯಲ್ಲಿರುವ ಮಗಳ ಮನೆಗೆ ಹೊರಟರು. ಮಗಳಿಗೆ ಹೆರಿಗೆ ಹತ್ತಿರವಿತ್ತು, ಇನ್ನು ಅಲ್ಲೇ ಇರುವುದು ಎಂದು ತೀರ್ಮಾನವಾಗಿತ್ತು. ಅವರನ್ನು ಬೀಳ್ಕೊಡಲು ನಾನು ನನ್ನ ಹೊಲಿಗೆ ಅಂಗಡಿಯಿಂದ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆ. ಸರೋಜಕ್ಕನಿಗೆಂದು ನಾನೇ ಕತ್ತರಿಸಿ ಹೊಲಿದ ರವಿಕೆ ಕೈಯಲ್ಲಿತ್ತು. ಅವರು ಬಿಚ್ಚಿ ತೋಳಿನ ಸುತ್ತನ್ನು ಬೆರಳಿನಲ್ಲಿ ತಡವಿ ನೋಡಿ, ಗಂಡನ ಕೈಗೆ ಕೊಟ್ಟರು.

"ತಗೊಳಿ, ನೋಡಿ. ಮೇಡಂ ಬೈದ ದಿನದಿಂದ ಇವ್ರು ಸರಿಯಾಗ್ ನಿದ್ದೆ ಮಾಡಿಲ್ಲಮ್ಮ. ವಾಸಿ ಆಯ್ತು ಅಂದ್ರೂ ನಂಬಲ್ಲ. ನಿನ್ ಬಗ್ಗೇನೇ, ಆ ಮಗು ಬೆರಳು, ಆ ಮಗು ಬೆರಳು ಅಂತಾನೇ ಇರ್ತಾರೆ."

ದೊರೈಯಣ್ಣ ರವಿಕೆಯನ್ನು ನೋಡಲಿಲ್ಲ. ಹೆಂಡತಿಗೆ ವಾಪಸು ಕೊಟ್ಟು, "ಎಲ್ಲಿ, ಕೈ ಕೊಡು," ಎಂದರು. ಪ್ಲಾಟ್‌ಫಾರ್ಮಿನ ಜನರ ನಡುವೆ ನಿಂತು, ನನ್ನ ಹೆಬ್ಬೆರಳನ್ನು ತಮ್ಮ ಒರಟು ಬೆರಳುಗಳಲ್ಲಿ ಹಿಡಿದು, ನಿಧಾನವಾಗಿ ಬಗ್ಗಿಸಿದರು. ಬಿಟ್ಟರು. ನನ್ನ ಮುಖವನ್ನೇ ನೋಡುತ್ತ ಇನ್ನೊಂದು ಸಲ ಬಗ್ಗಿಸಿದರು. ನನಗೆ ನೋವಾಗಲಿಲ್ಲ. ನೋವಿಲ್ಲ ಎಂಬುದನ್ನು ಅವರೂ ಕಂಡರು.

"ಸರಿ ಐತೆ," ಎಂದು ರೈಲು ಹತ್ತಿದರು.

ಕಿಟಕಿಯ ಬಳಿ ಜಾಗ ಸಿಕ್ಕಿತ್ತು. ನಾನು ನೀರಿನ ಬಾಟಲಿ ತಂದು ಕಂಬಿಯ ಸಂದಿಯಿಂದ ಕೊಡಲು ಹೋದರೆ ಸರೋಜಕ್ಕ ತುಟಿಗೆ ಬೆರಳಿಟ್ಟು ಸದ್ದು ಮಾಡಬೇಡ ಎಂದರು. ರೈಲು ಇನ್ನೂ ಹೊರಟಿರಲಿಲ್ಲ. ದೊರೈಯಣ್ಣ ಆಗಲೇ ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದರು.